ಐದನೆಯ ಅವಕಾಶ

ಆಟಕ್ಕೊಂದು ಕೊನೆಯಿರಬೇಕು, ಇಲ್ಲದಿದ್ದರೆ ಅದು ವ್ಯಾಜ್ಯವಾಗುತ್ತದೆ. ತೀರ್ಪುಗಾರನ ಸೀಟಿಯೊಡನೆ ಮಾತು ಮುಗಿಯಿತೆಂದು ಒಪ್ಪಿಕೊಂಡೇ ಉಭಯ ಪಕ್ಷದವರೂ ಕಣಕ್ಕಿಳಿಯುತ್ತಾರೆ. ಆದರೆ ಸೀಟಿ ಹಿಡಿದವನೇ ಕಟ್ಟಕಡೆಯ ಗಳಿಗೆಯಲ್ಲಿ ಲೆಕ್ಕ ತಪ್ಪಿದರೆ? ಅಮೆರಿಕದ ಕಾಲೇಜು ಫುಟ್‌ಬಾಲನ್ನು ಮತ್ತೆ ಮತ್ತೆ ಕಾಡಿದ ಪ್ರಶ್ನೆ ಇದು.

ಅಲ್ಲಿಯ ಫುಟ್‌ಬಾಲು ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಹತ್ತು ಗಜ ಮುಂದೆ ಸಾಗಲು ಒಂದು ತಂಡಕ್ಕೆ ನಾಲ್ಕೇ ಅವಕಾಶ. ಅಷ್ಟರಲ್ಲಿ ಸಾಧಿಸದಿದ್ದರೆ ಚೆಂಡು ಎದುರಾಳಿಗೆ. ಮಗುವೂ ಬೆರಳು ಮಡಿಸಿ ಎಣಿಸಬಹುದಾದ ಲೆಕ್ಕ!

1940ರ ನವೆಂಬರ್ 16ರಂದು ಹ್ಯಾನೋವರಿನಲ್ಲಿ ಕಾರ್ನೆಲ್ ಮತ್ತು ಡಾರ್ಟ್‌ಮತ್ ತಂಡಗಳು ಎದುರುಬದುರಾದವು. ಕಾರ್ನೆಲ್ ಆ ಋತುವಿನಲ್ಲಿ ಸೋಲನ್ನೇ ಕಂಡಿರಲಿಲ್ಲ. ಆದರೂ ಕೊನೆಯ ಕ್ಷಣಗಳಲ್ಲಿ ಡಾರ್ಟ್‌ಮತ್ 3–0ರಿಂದ ಮುಂದಿತ್ತು. ಕಾರ್ನೆಲ್‌ನ ನಾಲ್ಕನೆಯ ಯತ್ನವೂ ವಿಫಲವಾಗಿ ಚೆಂಡು ನೆಲಕ್ಕೆ ಬಿತ್ತು. ತೀರ್ಪುಗಾರ ಫ್ರೀಸೆಲ್ ಎಣಿಕೆ ತಪ್ಪಿ ಇನ್ನೊಂದು ಅವಕಾಶ ಕೊಟ್ಟರು. ಆ ಐದನೆಯದರಲ್ಲಿ ಕಾರ್ನೆಲ್ 7–3ರಿಂದ ಗೆದ್ದಿತು.

ಪಂದ್ಯದ ಚಲನಚಿತ್ರವನ್ನು ಪರೀಕ್ಷಿಸಿದಾಗ ನಿಜ ಹೊರಬಿತ್ತು. ಫ್ರೀಸೆಲ್ ತಮ್ಮ ತಪ್ಪನ್ನು ಒಪ್ಪಿಕೊಂಡರು. ಆದರೆ ಮುಗಿದ ಪಂದ್ಯವನ್ನು ತಿದ್ದುವ ಅಧಿಕಾರ ಅವರಿಗಿರಲಿಲ್ಲ. ಎರಡು ದಿನಗಳ ಬಳಿಕ ಕಾರ್ನೆಲ್ ತಾನಾಗಿ ತಂತಿ ಕಳುಹಿಸಿ ಗೆಲುವನ್ನು ಬಿಟ್ಟುಕೊಟ್ಟಿತು. ದಾಖಲೆಯಲ್ಲಿ ಇಂದಿಗೂ ಇರುವುದು ಡಾರ್ಟ್‌ಮತ್‌ನ 3–0 ಜಯ.

ಐವತ್ತು ವರ್ಷಗಳ ಅನಂತರ, 1990ರ ಅಕ್ಟೋಬರ್ 6ರಂದು, ಮಿಸೌರಿಯ ಮೈದಾನದಲ್ಲಿ ಅದೇ ತಪ್ಪು ಮರುಕಳಿಸಿತು. ಕೊಲರಾಡೊ ತಂಡ ಐದನೆಯ ಅವಕಾಶದಲ್ಲಿ ಅಂಕ ಗಳಿಸಿ 33–31ರಿಂದ ಗೆದ್ದಿತು. ಅದರ ತರಬೇತುದಾರ ಮೆಕಾರ್ಟ್ನಿ ಗೆಲುವನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಮೈದಾನ ಜಾರುತ್ತಿತ್ತೆಂದು ದೂರಿದರು. ಆ ವರ್ಷದ ರಾಷ್ಟ್ರೀಯ ಪ್ರಶಸ್ತಿಯಲ್ಲಿಯೂ ಕೊಲರಾಡೊ ಪಾಲು ಪಡೆಯಿತು. ಹಾಗೆಂದು ಅದು ಯಾವ ನಿಯಮವನ್ನೂ ಮುರಿದಿರಲಿಲ್ಲ. ಬೇಸರದ ಸಂಗತಿಯೇ ಅದು.

2016ರ ಸೆಪ್ಟೆಂಬರ್ 10ರಂದು ನಡೆದುದು ಇನ್ನೂ ವಿಚಿತ್ರ. ಒಕ್ಲಹೋಮ ಸ್ಟೇಟ್ 27–24ರಿಂದ ಮುಂದಿತ್ತು. ಗಡಿಯಾರದ ಹೊತ್ತೂ ಮುಗಿದಿತ್ತು. ಆ ತಂಡ ಕೊನೆಯದಾಗಿ ಮಾಡಿದ ತಪ್ಪಿಗೆ ಆಟವನ್ನು ಬೆಳೆಸುವಂತಿಲ್ಲವೆಂದು ನಿಯಮವೇ ಹೇಳುತ್ತಿತ್ತು. ತೀರ್ಪುಗಾರರು ಅದನ್ನು ಮರೆತು ಸೆಂಟ್ರಲ್ ಮಿಷಿಗನ್‌ಗೆ ಮತ್ತೊಂದು ಅವಕಾಶವಿತ್ತರು. ಅದರಲ್ಲಿಯೇ ಆ ತಂಡ 30–27ರಿಂದ ಗೆದ್ದಿತು. ತೀರ್ಪುಗಾರರಿಗೆ ಶಿಕ್ಷೆಯಾಯಿತು. ಫಲಿತಾಂಶ ಮಾತ್ರ ಕದಲಲಿಲ್ಲ.

ತೀರ್ಪುಗಾರನ ಮಾತೇ ಅಂತಿಮವೆಂಬ ನಿಯಮ ಅವಿವೇಕದ್ದಲ್ಲ. ಗೆರೆ ದಾಟಿತೇ, ಕೈ ತಗುಲಿತೇ ಎಂಬುದು ಕಣ್ಣಿನ ವಿಷಯ; ಅದನ್ನು ಕೆದಕಿದರೆ ಯಾವ ಪಂದ್ಯವೂ ಮುಗಿಯದು. ಆಟದ ನಡುವೆ ತಪ್ಪಾದರೆ ಸೋತವನಿಗೆ ಸರಿದೂಗಿಸಿಕೊಳ್ಳಲು ಹೊತ್ತಾದರೂ ಉಂಟು. ಕೊನೆಯ ಅವಕಾಶದಲ್ಲಿ ತಪ್ಪಾದರೆ ಅದಕ್ಕೆ ನಾಳೆಯಿಲ್ಲ. ಅದೂ ಅಲ್ಲದೆ, ಮೇಲಿನ ಮೂರೂ ಕಣ್ಣಿನ ತಪ್ಪುಗಳಲ್ಲ, ಎಣಿಕೆಯ ಮತ್ತು ನಿಯಮದ ತಪ್ಪುಗಳು. ನಾಲ್ಕಾದ ಮೇಲೆ ಐದಿಲ್ಲವೆಂಬುದರಲ್ಲಿ ಎರಡು ಅಭಿಪ್ರಾಯವಿಲ್ಲ. ಇಂಥ ತಪ್ಪನ್ನಾದರೂ ಮರುದಿನ ತಿದ್ದಲು ನಿಯಮದಲ್ಲಿ ಒಂದು ಬಾಗಿಲಿರಬೇಡವೇ?

ಅದಿಲ್ಲದಿದ್ದಾಗ ನ್ಯಾಯದ ಹೊರೆಯೆಲ್ಲ ಗೆದ್ದವನ ತಲೆಯ ಮೇಲೆ ಬೀಳುತ್ತದೆ. ಅದನ್ನು ಹೊರಲು ಎಲ್ಲರೂ ಕಾರ್ನೆಲ್‌ನವರಲ್ಲ. ತಂತಿ ಕಳುಹಿಸಿದ ಮುಂದಿನ ವಾರ ಆ ತಂಡ ಪೆನ್ಸಿಲ್ವೇನಿಯದ ಎದುರು ನಿಜವಾಗಿಯೂ ಸೋತಿತು. ಆದರೂ ಆ ವರ್ಷದ ಕಾರ್ನೆಲ್ ಎಂದರೆ ಜನ ಇಂದಿಗೂ ನೆನೆಯುವುದು ಅದು ಗೆದ್ದ ಪಂದ್ಯಗಳನ್ನಲ್ಲ, ಹಿಂದಿರುಗಿಸಿದ ಆ ಒಂದನ್ನು.