ಏಕಾಂಗಿ ನಾವಿಕನೂ ದ್ವೀಪದ ಮಕ್ಕಳೂ

ದಕ್ಷಿಣ ಅಮೆರಿಕದ ಚಿಲಿ ದೇಶದ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 670 ಕಿಲೋಮೀಟರ್ ದೂರದಲ್ಲಿ, ಶಾಂತಸಾಗರದ ನಡುವೆ, ಮೋಡಗಳನ್ನು ಶಿರಸ್ಸಿನಲ್ಲಿ ಧರಿಸಿದ ಗಿರಿಗಳ ಒಂದು ಸಣ್ಣ ದ್ವೀಪವುಂಟು. ಹಿಂದಿನ ನಾವಿಕರು ಅದನ್ನು ಹ್ವಾನ್ ಫರ್ನಾಂಡೆಸ್ ಎಂದೇ ಕರೆಯುತ್ತಿದ್ದರು. 1966ರಿಂದ ಅದು ರಾಬಿನ್ಸನ್ ಕ್ರೂಸೋ ದ್ವೀಪ. 1896ರ ಏಪ್ರಿಲ್ 26ರಂದು ಈ ಗಿರಿಗಳು ಜೋಷುವಾ ಸ್ಲೋಕಮ್ ಎಂಬ ನಾವಿಕನ ಕಣ್ಣಿಗೆ ಬಿದ್ದವು. ತಾನೇ ಕೈಯಾರೆ ಪುನರ್ನಿರ್ಮಿಸಿದ, ಮೂವತ್ತೇಳು ಅಡಿಗೂ ಕಿರಿದಾದ ಹಾಯಿದೋಣಿಯಲ್ಲಿ, 1895ರಲ್ಲಿ ಬಾಸ್ಟನ್ನಿನಿಂದ ಒಬ್ಬನೇ ಭೂಪ್ರದಕ್ಷಿಣೆಗೆ ಹೊರಟ ಸಾಹಸಿ ಈತ. ದೋಣಿಯ ಹೆಸರು ‘ಸ್ಪ್ರೇ’. ಕನ್ನಡದಲ್ಲಿ ಸೀರ್ಪನಿ ಎನ್ನಬಹುದು. ದ್ವೀಪವನ್ನು ಕಂಡೊಡನೆ ಆತನು ದೋಣಿಯ ಹಲಗೆಗೆ ತಲೆಬಾಗಿದನಂತೆ.

ಬಹುಕಾಲ ಮಾತನಾಡದಿದ್ದರೆ ಕಂಠವೇ ಕೆಟ್ಟೀತೆಂದು ಯಾರೋ ಎಚ್ಚರಿಸಿದ್ದುದರಿಂದ, ಯಾತ್ರೆಯ ಮೊದಲಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಆತನು ಗಟ್ಟಿಯಾಗಿ ಹೊತ್ತು ಸಾರುತ್ತಿದ್ದನು. ಚುಕ್ಕಾಣಿಯ ಬಳಿ ಇಲ್ಲದ ಮನುಷ್ಯನನ್ನು ಕರೆದು, ದೋಣಿ ಸರಿದಾರಿಯಲ್ಲಿದೆಯೇ ಎಂದು ವಿಚಾರಿಸುತ್ತಿದ್ದನು. ಉತ್ತರವೆಲ್ಲಿಂದ ಬರಬೇಕು? ಭಯವೇನೋ ನಿರಾಧಾರವಲ್ಲ. ಇದೇ ದ್ವೀಪದಲ್ಲಿ 1704ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಸೆಲ್ಕರ್ಕನು, ಹಡಗು ಶಿಥಿಲವಾಗಿದೆಯೆಂದು ಕಪ್ತಾನನೊಡನೆ ಕಲಹವಾಡಿ, ಏಕಾಕಿಯಾಗಿ ಉಳಿದಿದ್ದನು. ನಾಲ್ಕು ವರ್ಷ ನಾಲ್ಕು ತಿಂಗಳ ತರುವಾಯ, 1709ರಲ್ಲಿ, ವುಡ್ಸ್ ರೋಜರ್ಸನ ಹಡಗಿನವರಿಗೆ ಅವನು ಸಿಕ್ಕಾಗ, ಮೇಕೆಯ ಚರ್ಮವನ್ನುಟ್ಟ ಆ ಮನುಷ್ಯನ ಬಾಯಿಂದ ಪದಗಳು ಅರೆಬರೆಯಾಗಿ ಹೊರಡುತ್ತಿದ್ದವು. ಬಳಕೆಯಿಲ್ಲದೆ ತಾಯ್ನುಡಿಯೇ ಮರೆತುಹೋಗುವಂತಾಗಿತ್ತು.

ಸ್ಲೋಕಮನ ಭಾಗ್ಯ ಬೇರೆ. ಅವನನ್ನು ಎದುರ್ಗೊಳ್ಳಲು ದ್ವೀಪವಾಸಿಗಳು ದೋಣಿಯಲ್ಲಿ ಬಂದರು. ಅತಿಥಿಯೇ ಆತಿಥೇಯನಾಗಿ ಅವರಿಗೆ ಕಾಫಿಯನ್ನೂ ಡೋನಟ್ ಎಂಬ ಕರಿದ ತಿಂಡಿಯನ್ನೂ ಕೊಟ್ಟನು. ಡೋನಟ್ಟನ್ನು ಕಜ್ಜಾಯದ ದಾಯಾದಿಯೆನ್ನಬಹುದಾದರೂ, ಕರಿದದ್ದು ಪ್ರಾಣಿಕೊಬ್ಬಿನಲ್ಲಾದ್ದರಿಂದ ಉಪಮೆ ರೂಪಕ್ಕಷ್ಟೇ ಸಲ್ಲತಕ್ಕದ್ದು. ಅದನ್ನು ಮಾಡುವ ಕ್ರಮವನ್ನೂ ಅವರಿಗೆ ಕಲಿಸಿ ಕೊಬ್ಬನ್ನು ಮಾರಿದನು. ಪ್ರತಿಯಾಗಿ ಅವರು ಕೊಟ್ಟದ್ದು ಹಳೆಯ ಕಾಲದ ವಿಚಿತ್ರ ನಾಣ್ಯಗಳನ್ನು. ಅಂದು ದ್ವೀಪದಲ್ಲಿದ್ದವರು ಸುಮಾರು 45 ಮಂದಿ. ವೈದ್ಯನಿಲ್ಲ, ಎಲ್ಲರೂ ಆರೋಗ್ಯವಂತರು. ಪೊಲೀಸನಿಲ್ಲ, ವಕೀಲನೂ ಇಲ್ಲ.

ಹೊರಡುವ ಹಿಂದಿನ ದಿನ ಮಕ್ಕಳೆಲ್ಲರೂ ಆತನೊಡನೆ ಹಣ್ಣು ಕೊಯ್ಯಲು ಬೆಟ್ಟಕ್ಕೆ ನಡೆದರು. ಸ್ಪ್ಯಾನಿಷ್ ಹೊರತು ಬೇರೊಂದು ನುಡಿ ಅವರ ಕಿವಿಗೆ ಬಿದ್ದುದೇ ಇಲ್ಲ. ಕಂಡ ಕಂಡ ವಸ್ತುವಿನ ಹೆಸರನ್ನು ಕೇಳಿದರು. ಅಂಜೂರಕ್ಕೆ ಆತನು ಹೇಳಿದ ‘ಫಿಗ್’ ಎಂಬ ಹೆಸರನ್ನು ತಮಗೆ ತೋಚಿದಂತೆ ಹಿಗ್ಗಿಸಿ ಕೂಗುತ್ತ ಬುಟ್ಟಿ ತುಂಬಿದರು. ಆದರೆ ತಾವು ತೋರಿಸಿದ ಮೇಕೆಯನ್ನು, ‘ಕಾಬ್ರಾ’ ಎನ್ನದೆ ‘ಗೋಟ್’ ಎಂದಾಗ, ನಗೆ ತಡೆಯಲಾರದೆ ಹುಲ್ಲಿನ ಮೇಲೆ ಹೊರಳಾಡಿಬಿಟ್ಟರು. ಶಬ್ದಾರ್ಥಗಳ ಸಂಬಂಧ ನಿತ್ಯವೋ ಸಂಕೇತಮಾತ್ರವೋ ಎಂದು ಮೀಮಾಂಸಕರೂ ನೈಯಾಯಿಕರೂ ಶತಮಾನಗಳ ಕಾಲ ವಾದಿಸಿದರು. ಈ ಮಕ್ಕಳು ನಿಸ್ಸಂದೇಹವಾಗಿ ಮೀಮಾಂಸಕರ ಪಕ್ಷ! ಸೆಲ್ಕರ್ಕನ ಮಾತು ಕುಂದಿದ್ದ ಅದೇ ನೆಲದಲ್ಲಿ, ಒಂದು ಪದ ಕೇಳಿ ಬೆಟ್ಟಗಳೆಲ್ಲ ನಗೆಯಿಂದ ಮೊಳಗಿದವು.

ಮೇ 5ರಂದು ಆತನು ಹಾಯಿ ಬಿಚ್ಚಿದನು. ದೋಣಿಯಲ್ಲಿ ಮಕ್ಕಳು ಕೊಯ್ದ ಅಂಜೂರ, ಪೀಚ್ ಮತ್ತು ಕ್ವಿನ್ಸ್ ಹಣ್ಣುಗಳ ಬುಟ್ಟಿಗಳಿದ್ದವು. ಮುಂದಿನ ರೇವು ಸಮೋವ. ಅದನ್ನು ಸೇರುವವರೆಗಿನ 72 ದಿನ, ಕರೆದರೆ ಓಗೊಡುವವರು ಒಬ್ಬರೂ ಇರಲಿಲ್ಲ.