ಎರಡು ಗಂಟೆ ಎಂದರೆ ಎಂಟು

ಇಥಿಯೋಪಿಯಾದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು ಎಂದಾಗ ಸವಡಿಯಲ್ಲಿ ಅವ್ವ ಕೇಳಿದ್ದು ಒಂದೇ: ‘ಅಲ್ಲಿ ರೊಟ್ಟಿ ಸಿಗತೈತೇನು?’ ಫೆಲೋಶಿಪ್ ಮುಗಿದು ಪಿಎಚ್‌.ಡಿ. ಮುಗಿಯದ ನನಗೆ ಸಂಬಳದ ಚಿಂತೆ. ಆದರೂ ಹುಡುಕಿದೆ. ನಮ್ಮ ಜೋಳದ ತವರೇ ಈಶಾನ್ಯ ಆಫ್ರಿಕಾ! ಅವರ ನಿತ್ಯದ ಊಟ ಮಾತ್ರ ಟೆಫ್ ಎಂಬ ಕಾಳಿನ ಹಿಟ್ಟು ಹುದುಗಿಸಿ ಹುಯ್ಯುವ ಇಂಜೆರಾ. ‘ಹುಳಿ ದೋಸಿ ಅನ್ನು’ ಎಂದಳು.

ಅಮ್ಹಾರಿಕ್ ಅಕ್ಷರ ತಿದ್ದತೊಡಗಿದೆ. ಒಂದೊಂದು ವ್ಯಂಜನಕ್ಕೂ ಏಳು ರೂಪ, ನಮ್ಮ ಕಾಗುಣಿತದ ಹಾಗೆಯೇ. ತಲೆ ಕೆಡಿಸಿದ್ದು ಗಡಿಯಾರ. ಅಲ್ಲಿ ಹಗಲಿನ ಎಣಿಕೆ ನಮ್ಮ ಬೆಳಗಿನ ಆರರಿಂದ; ‘ಎರಡು ಗಂಟೆ’ ಎಂದರೆ ಎಂಟು. ವರ್ಷಕ್ಕೆ 13 ತಿಂಗಳು ಬೇರೆ. ‘ಹೊತ್ತು ಮಾರುದ್ದ ಏರಿತು’ ಎನ್ನುತ್ತಿದ್ದ ಅಜ್ಜನಿಗಾದರೆ ಇದು ಬೇಗ ತಿಳಿಯುತ್ತಿತ್ತು.

ಐದನೇ ತರಗತಿಯಲ್ಲಿ ನಮಗೆ ಇಂಗ್ಲಿಷ್ ಶುರುವಾದದ್ದು ‘ಎ ಫಾರ್ ಆ್ಯಪಲ್’ನಿಂದ. ನಮ್ಮ ಮನೆಗೆ ಆ ಹಣ್ಣು ಬರುತ್ತಿದ್ದುದು ಯಾರಾದರೂ ಜ್ವರದಿಂದ ಮಲಗಿದಾಗ. ಆ್ಯಪಲ್ ಎಂದರೆ ಔಷಧ ಎಂದೇ ತಿಳಿದಿದ್ದೆ, ಕೇಳಲು ಅಂಜಿಕೆ.

ಮೊನ್ನೆ ಮೊದಲ ಪಾಠದ ಟಿಪ್ಪಣಿಯಲ್ಲಿ ಆ್ಯಪಲ್ ಹೊಡೆದುಹಾಕಿ ಟೆಫ್ ಎಂದು ಬರೆದೆ. ಕಾಳು ಎಷ್ಟು ದೊಡ್ಡದು ಎಂದಳು ಅವ್ವ. ರಾಗಿಗಿಂತ ಸಣ್ಣದು ಎಂದೆ. ‘ಹಂಗಾರ ಅವರು ಹ್ಯಾಂಗ ಹಸನ ಮಾಡ್ತಾರ?’

ವಿದ್ಯಾರ್ಥಿಗಳಿಗೆ ಕೇಳಬೇಕಾದ ಮೊದಲ ಪ್ರಶ್ನೆ ಎಂದು ಅದನ್ನೂ ಬರೆದುಕೊಂಡೆ.