ಉಪನದಿಯ ಘನತೆ: ಪೋಷಕ ನಟರಾಗಿ ಗಿರೀಶ ಕಾರ್ನಾಡ

ಪುಣೆ ಜಿಲ್ಲೆಯ ಬಾರಾಮತಿಯ ಮಗ್ಗುಲಲ್ಲಿ ಹರಿಯುವ ಕರ್ಹಾ ದೊಡ್ಡ ನದಿಯೇನೂ ಅಲ್ಲ. ಅದು ನೀರಾ ನದಿಯನ್ನು ಸೇರುತ್ತದೆ, ನೀರಾ ಭೀಮೆಯನ್ನು, ಭೀಮೆ ಕನ್ನಡನಾಡಿಗೆ ಇಳಿದು ಕೃಷ್ಣೆಯನ್ನು. ಭೀಮಾತೀರದ ಹೊಲಕ್ಕೆ ನೀರು ಹಾಯಿಸುವ ರೈತ ಕರ್ಹೆಯ ಹೆಸರನ್ನು ಕೇಳಿರಲಾರ. ಹೆಸರು ಉಳಿಯುವುದು ಮುಖ್ಯನದಿಗೆ. ನೀರು ಮಾತ್ರ ಎಲ್ಲ ಹಳ್ಳಗಳದು. ಅಭಿನಯ ಕಲೆಯಲ್ಲಿಯೂ ಇಂಥ ಉಪನದಿಗಳುಂಟು. ಅವರನ್ನು ಮರಾಠಿಯೂ ಹಿಂದಿಯೂ ‘ಸಹಾಯಕ’ ನಟರೆಂದು ಕರೆಯುತ್ತವೆ. ಕನ್ನಡ ‘ಪೋಷಕ’ ನಟರೆನ್ನುತ್ತದೆ. ಸಹಾಯಕ ಕೆಳಗೆ ನಿಲ್ಲುವವ. ಪೋಷಕ ಸಾಕಿ ಸಲಹುವವ. ಕನ್ನಡದ ಈ ಶಬ್ದವಿವೇಕಕ್ಕೆ ಗಿರೀಶ ಕಾರ್ನಾಡರ (1938–2019) ನಟಜೀವನ ಒಂದು ಒಳ್ಳೆಯ ವ್ಯಾಖ್ಯಾನವಾಗಬಲ್ಲದು.

ಕಾರ್ನಾಡರು ಕನ್ನಡ ವಿಭಾಗಗಳಿಗೆ ಪರಿಚಿತರಾಗಿರುವುದು ‘ಯಯಾತಿ’, ‘ತುಘಲಕ್’, ‘ಹಯವದನ’, ‘ತಲೆದಂಡ’ಗಳ ಕರ್ತೃವಾಗಿ. ಅವರ ನಟನೆಯನ್ನು ವಿಮರ್ಶೆ ಸಾಮಾನ್ಯವಾಗಿ ಅಡಿಟಿಪ್ಪಣಿಗೆ ಇಳಿಸಿದೆ. ಅವರೂ ತಮ್ಮನ್ನು ಮೂಲತಃ ನಾಟಕಕಾರರೆಂದೇ ಭಾವಿಸಿದ್ದರು; ತೆರೆಯ ಮೇಲಿನ ದುಡಿಮೆ ಬಹುಮಟ್ಟಿಗೆ ಜೀವನೋಪಾಯವೆಂಬುದನ್ನು ಮುಚ್ಚಿಡಲಿಲ್ಲ. ‘ಸಂಸ್ಕಾರ’ (1970) ಚಿತ್ರದ ಪ್ರಾಣೇಶಾಚಾರ್ಯ, ‘ಮಂಥನ’ದ (1976) ಡಾಕ್ಟರ್ ರಾವ್ ನಾಯಕಪಾತ್ರಗಳು ನಿಜ. ಆದರೆ ಅನಂತರದ ನಾಲ್ಕು ದಶಕಗಳಲ್ಲಿ ಅವರು ಹೆಚ್ಚಾಗಿ ಕಾಣಿಸಿಕೊಂಡದ್ದು ಇನ್ನೊಬ್ಬರ ಕಥೆಯ ಅಂಚಿನಲ್ಲಿ: ತಂದೆಯಾಗಿ, ಗಂಡನಾಗಿ, ಗುರುವಾಗಿ, ಅಧಿಕಾರಿಯಾಗಿ, ಕೆಲವೊಮ್ಮೆ ಖಳನಾಗಿ.

ಬಾರಾಮತಿಯಿಂದ ಹೊರಡುವ ರೈಲುಮಾರ್ಗ ದೌಂಡ್ ಜಂಕ್ಷನ್ನಿಗೆ ಹೋಗಿ ಸೇರುತ್ತದೆ. ಆ ದೌಂಡಿನಲ್ಲಿ ಮಕ್ಕಳ ವೈದ್ಯರಾಗಿದ್ದವರು ಜಬ್ಬಾರ್ ಪಟೇಲ್. ‘ಘಾಶೀರಾಮ ಕೋತವಾಲ’ವನ್ನು ರಂಗಕ್ಕೆ ತಂದವರು. 1982ರಲ್ಲಿ ಅವರು ನಿರ್ದೇಶಿಸಿದ ಮರಾಠಿ ಚಿತ್ರ ‘ಉಂಬರಠಾ’, ಅಂದರೆ ಹೊಸ್ತಿಲು. ಚಿತ್ರಕಥೆ ವಿಜಯ ತೆಂಡೂಲ್ಕರರದು. ಮನೆಯ ಹೊಸ್ತಿಲು ದಾಟಿ ಮಹಿಳಾಶ್ರಮವೊಂದರ ಅಧೀಕ್ಷಕಿಯಾಗಿ ಹೋಗುವ ಸುಲಭಾ ಆಗಿ ಸ್ಮಿತಾ ಪಾಟೀಲ್. ಆಕೆಯ ವಕೀಲ ಗಂಡ ಸುಭಾಷನಾಗಿ ಕಾರ್ನಾಡ. ಸುಭಾಷ ದುಷ್ಟನಲ್ಲ. ಓದಿದವನು, ಮೃದುಭಾಷಿ, ಹೆಂಡತಿಯನ್ನು ಪ್ರೀತಿಸುವವನು. ಆಕೆ ಮರಳಿ ಬರುವ ಹೊತ್ತಿಗೆ ಅವನ ಬದುಕಿನಲ್ಲಿ ಮತ್ತೊಬ್ಬಳಿದ್ದಾಳೆ. ಅದನ್ನೂ ಅವನು ಸಭ್ಯನಾಗಿಯೇ ತಿಳಿಸುತ್ತಾನೆ. ಈ ಪಾತ್ರವನ್ನು ಕ್ರೂರಿಯಾಗಿ ಅಭಿನಯಿಸಿದ್ದರೆ ಚಿತ್ರ ಅಗ್ಗವಾಗುತ್ತಿತ್ತು. ಪ್ರೇಕ್ಷಕನು ಅವನನ್ನು ದ್ವೇಷಿಸಿ ನಿಶ್ಚಿಂತನಾಗುತ್ತಿದ್ದ. ಕಾರ್ನಾಡರು ಆ ನೆಮ್ಮದಿಯನ್ನು ಕೊಡುವುದಿಲ್ಲ. ಅವನ ಸೌಜನ್ಯವೇ ಸುಲಭಾಳನ್ನು ಎರಡನೆಯ ಬಾರಿ ಹೊಸ್ತಿಲು ದಾಟಿಸುತ್ತದೆ. ಸ್ಮಿತಾ ಅವರ ಮೌನಕ್ಕೆ ತೂಕ ಬಂದುದು ಎದುರಿಗಿರುವವನ ಸಮಂಜಸವಾದ ಮಾತಿನಿಂದ. ಪೋಷಣೆಯೆಂದರೆ ಇದು.

ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಎಂಬತ್ತರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ಆರ್. ಕೆ. ನಾರಾಯಣರ ಕಾಲ್ಪನಿಕ ಊರು ಮಲೆನಾಡಿನ ಆಗುಂಬೆಯಲ್ಲಿ ಮೈದಳೆಯಿತು. ಅಲ್ಲಿ ಕಣ್ಮಣಿ ಬಾಲಕ ಸ್ವಾಮಿ, ಅಂದರೆ ಮಾಸ್ಟರ್ ಮಂಜುನಾಥ್. ತಾಯಿ ವೈಶಾಲಿ ಕಾಸರವಳ್ಳಿ, ತಂದೆ ಕಾರ್ನಾಡ. ಗದರುವ ಗಂಟಲಿನ ಅಡಿಯಲ್ಲಿ ಅಡಗಿದ ಅಕ್ಕರೆ ಆ ತಂದೆಯದು. ಹುಡುಗನ ಹೆದರಿಕೆ ನಂಬುವಂತಿರಬೇಕಾದರೆ ತಂದೆ ಗಂಭೀರನಾಗಿರಬೇಕು. ಹುಡುಗನ ತುಂಟತನ ಅರಳಬೇಕಾದರೆ ಆ ಗಾಂಭೀರ್ಯ ಮಿತಿಮೀರಬಾರದು. ಜ್ಞಾನಪೀಠದ ಎತ್ತರಕ್ಕೆ ಏರಲಿದ್ದ ನಾಟಕಕಾರರು ಒಬ್ಬ ಬಾಲಕನಿಗೆ ಬೆಳಕು ಬಿಟ್ಟುಕೊಟ್ಟು ಪಕ್ಕಕ್ಕೆ ನಿಂತ ಬಗೆ ಇದು.

‘ಸಂತ ಶಿಶುನಾಳ ಶರೀಫ’ (1990) ಚಿತ್ರದಲ್ಲಿ ಈ ನಿಲುವಿಗೆ ಕಥೆಯೇ ಅರ್ಥ ಒದಗಿಸಿತು. ಟಿ. ಎಸ್. ನಾಗಾಭರಣರ ಆ ಚಿತ್ರದಲ್ಲಿ ಶರೀಫರಾಗಿ ಶ್ರೀಧರ್, ಗುರು ಗೋವಿಂದಭಟ್ಟರಾಗಿ ಕಾರ್ನಾಡ. ಜಾತಿಮತದ ಗೋಡೆಯಾಚೆ ಕೈಚಾಚಿ ಶಿಷ್ಯನನ್ನು ಬರಮಾಡಿಕೊಳ್ಳುವ ಗುರು, ಶಿಷ್ಯನ ಹಾಡಿನಲ್ಲಿ ಉಳಿಯುತ್ತಾನೆಯೇ ಹೊರತು ತನ್ನ ಹೆಸರಿನಲ್ಲಲ್ಲ.

ಇದು ಕನ್ನಡದ ವಿದ್ಯಮಾನವಷ್ಟೇ ಅಲ್ಲ. 1984ರ ಬ್ರಿಟಿಷ್ ಕಿರುತೆರೆ ಧಾರಾವಾಹಿ ‘ದಿ ಜ್ಯೂವೆಲ್ ಇನ್ ದಿ ಕ್ರೌನ್’ನಲ್ಲಿ ಜೋಹ್ರಾ ಸೆಹಗಲ್ ಲೇಡಿ ಚಟರ್ಜಿಯಾಗಿ, ಸಯೀದ್ ಜಾಫ್ರಿ ಮೀರತ್ತಿನ ನವಾಬನಾಗಿ ಅಭಿನಯಿಸಿದರು. ಕಥೆಯ ಕೇಂದ್ರ ಬಹುಪಾಲು ಆಂಗ್ಲರದಾಗಿದ್ದರೂ ಅದಕ್ಕೆ ಭಾರತದ ನೆಲವನ್ನು ಒದಗಿಸಿದವರು ಇಂಥವರು.

ಹಾಗಾದರೆ ಇದಕ್ಕೆ ತೆತ್ತ ಬೆಲೆಯೇನು? ಪ್ರಶ್ನೆ ಸಣ್ಣದಲ್ಲ. ‘ಹಯವದನ’ (1971) ಮತ್ತು ‘ನಾಗಮಂಡಲ’ಗಳ (1988) ನಡುವಣ ದೀರ್ಘಾವಧಿಯಲ್ಲಿ ಕಾರ್ನಾಡರಿಂದ ಬಂದ ನಾಟಕಗಳು ಕೆಲವೇ. ಬರೆಯದೆ ಉಳಿದ ನಾಟಕಗಳ ಲೆಕ್ಕವನ್ನು ಯಾರೂ ಕೊಡಲಾರರು. ಆ ನಷ್ಟವನ್ನು ಇಲ್ಲವೆನ್ನುವುದೂ ಪ್ರಾಮಾಣಿಕವಲ್ಲ. ಆದರೆ ನಟನೆಯ ಸಂಪಾದನೆಯೇ ಬರೆವಣಿಗೆಗೆ ಬಿಡುವನ್ನೂ, ಯಾರ ಮರ್ಜಿಗೂ ಕಾಯದ ಸ್ವಾತಂತ್ರ್ಯವನ್ನೂ ಕೊಟ್ಟಿತೆಂಬುದೂ ಅಷ್ಟೇ ನಿಜ. ಅಂದಮೇಲೆ ನಾಟಕಕಾರ ಕಾರ್ನಾಡರಿಗೂ ಒಬ್ಬ ಪೋಷಕ ನಟನಿದ್ದ. ಅವನ ಹೆಸರೂ ಗಿರೀಶ ಕಾರ್ನಾಡ.

2019ರ ಜೂನ್ 10ರಂದು ಅವರು ತೀರಿಕೊಂಡಾಗ ಕನ್ನಡಿಗರು ನಾಟಕಕಾರನನ್ನು ನೆನೆದರು. ನಾಡಿನಾಚೆ ಅಸಂಖ್ಯ ಮನೆಗಳು ಸ್ವಾಮಿಯ ತಂದೆಯನ್ನು ನೆನೆದವು. ಎರಡೂ ಒಂದೇ ನೀರು. ಕೃಷ್ಣೆಯ ದಡದಲ್ಲಿ ನಿಂತವರು ಒಮ್ಮೆಯಾದರೂ ಕರ್ಹೆಯನ್ನು ನೆನೆಯುವುದು ಕೃತಜ್ಞತೆಯಷ್ಟೇ ಅಲ್ಲ, ನದಿಯನ್ನು ಸರಿಯಾಗಿ ತಿಳಿಯುವ ಕ್ರಮವೂ ಹೌದು.